ಬಟ್ಟೆ ರಾಶಿ ಕರಗಿದ್ದು ಹೀಗೆ
ಹೊಲಿಯಲೆಂದು ಕೊಂಡಿಟ್ಟ ಬಟ್ಟೆಗಳಿಗೆ ಜಾಗ ಸಾಲದ್ದಲ್ಲ ತೊಂದರೆ, ಒಂದರ ಮೇಲೊಂದು ಪೇರಿಸಿದ್ದು. ಅಡಿಯದನ್ನು ಎಳೆದರೆ ರಾಶಿಯೇ ಕುಸಿಯುತ್ತದೆ. ಇದ್ದದ್ದು ಕಾಣದೆ ಅಂಥದ್ದನ್ನೇ ಮತ್ತೆ ಕೊಳ್ಳುತ್ತೇವೆ. 1 ಮೀಟರಿಗಿಂತ ಉದ್ದದವನ್ನೆಲ್ಲ 20 ಸೆಂ.ಮೀ. ಅಗಲದ ರಟ್ಟಿಗೆ ಸುತ್ತಿ, ಪುಸ್ತಕದಂತೆ ಸಾಲಾಗಿ ನಿಲ್ಲಿಸಿದೆ. ಮಾಮೂಲಿ ರಟ್ಟಿನಲ್ಲಿ ಆಮ್ಲವಿರುತ್ತದೆ, ಬಹುಕಾಲ ತಾಗಿದರೆ ಬಟ್ಟೆ ಹಳದಿಯಾಗುತ್ತದೆ. ಆದ್ದರಿಂದ ಮೊದಲು ರಟ್ಟಿಗೆ ಒಗೆದ ಬಿಳಿ ಹತ್ತಿಬಟ್ಟೆ ಹೊದಿಸಲೇಬೇಕು, ಇದನ್ನು ಬಿಡಬೇಡಿ.

ಉದ್ದ, ಪನ್ನ (ಬಟ್ಟೆಯ ಅಗಲ), ಒಗೆದಿದೆಯೋ ಇಲ್ಲವೋ ಎಂದು ಚೀಟಿಯಲ್ಲಿ ಬರೆದು ಅಂಚಿಗೆ ಕಚ್ಚಾ ಹೊಲಿಗೆ ಹಾಕಿದೆ. ಪಿನ್ ಚುಚ್ಚಲಿಲ್ಲ, ತುಕ್ಕು ಹಿಡಿದರೆ ಕಲೆ ಸುಲಭಕ್ಕೆ ಹೋಗುವುದಿಲ್ಲ. ವೆಲ್ವೆಟ್ ಮಡಚಿದರೆ ಗೆರೆ ಉಳಿಯುತ್ತದೆ, ಕೊಳವೆಗೆ ಸುತ್ತಿ. ಹಿಗ್ಗುವ ಹೆಣಿಗೆ ಬಟ್ಟೆಯನ್ನು ನೇತುಹಾಕಬೇಡಿ, ತನ್ನ ಭಾರಕ್ಕೇ ಜೋಲುತ್ತದೆ. ಅಂಗೈಗಿಂತ ಸಣ್ಣ ಚೂರುಗಳು ದಿಂಬಿನೊಳಕ್ಕೆ. ಮೇಜಿನ ಮೇಲೆ ಈಗ ಯಂತ್ರ, ಕತ್ತರಿ, ಕೈಗೆತ್ತಿಕೊಂಡ ಒಂದೇ ಉಡುಪು.