ಎಲೆ ಟೀ ಮಾಡುವ ಸಾಮಾನು: ಮೊದಲು ಜಾಲರಿ ಆರಿಸಿ, ಆಮೇಲೆ ಪಾಟ್

ಎಲೆ ಟೀ ರುಚಿ ಹತ್ತಿದವರು ಮೊದಲು ಕೊಳ್ಳುವುದು ಚೆಂದದ ಟೀ ಪಾಟ್. ಜಾಲರಿ, ಕೆಟಲ್ ಎಲ್ಲ ಆಮೇಲೆ. ಈ ಕ್ರಮವನ್ನು ತಿರುಗಿಸಿದರೆ ದುಡ್ಡೂ ಉಳಿಯುತ್ತದೆ, ಟೀಯೂ ಚೆನ್ನಾಗಿ ಬರುತ್ತದೆ. ಸಾಮಾನು ಮಾಡಬೇಕಾದ ಕೆಲಸ ಎರಡೇ. ಎಲೆ ಬಿಚ್ಚಿಕೊಳ್ಳಲು ಜಾಗ ಕೊಡಬೇಕು. ಬೇಕೆಂದ ತಕ್ಷಣ ಎಲೆಯನ್ನೂ ನೀರನ್ನೂ ಬೇರೆ ಮಾಡಬೇಕು.

ಮೊದಲು ಅಳತೆ

ಒಂದು ಸಲಕ್ಕೆ ಎಷ್ಟು ಕಪ್ ಟೀ ಮಾಡುತ್ತೀರಿ? ಒಬ್ಬರೇ ಕುಡಿಯುವುದಾದರೆ ಪಾಟ್ ಬೇಕಾಗಿಯೇ ಇಲ್ಲ. ಕಪ್ಪಿನೊಳಗೆ ಕೂರುವ ಜಾಲರಿ ಸಾಕು. ಇಬ್ಬರಿಗೆ 400ರಿಂದ 500 ಮಿಲಿಲೀಟರಿನ ಪಾಟ್ ಸರಿಹೋಗುತ್ತದೆ. "ನೆಂಟರು ಬಂದರೆ ಬೇಕಾಗುತ್ತೆ" ಅಂತ ಲೀಟರ್ ಹಿಡಿಯುವ ಪಾಟ್ ತರಬೇಡಿ. ದೊಡ್ಡ ಪಾಟಿನಲ್ಲಿ ಸ್ವಲ್ಪವೇ ನೀರು ಹಾಕಿದರೆ ಬೇಗ ಆರುತ್ತದೆ. ಪೂರ್ತಿ ತುಂಬಿಸಿದರೆ ಉಳಿದ ಟೀ ಎಲೆಯ ಜೊತೆಯೇ ಕೂತು ಕಹಿಯಾಗುತ್ತದೆ.

ಜಾಲರಿ: ಇಲ್ಲಿ ಜಿಪುಣತನ ಬೇಡ

ಒಣಗಿದ ಟೀ ಎಲೆ ನೀರಿಗೆ ಬಿದ್ದರೆ ಹಲವು ಪಟ್ಟು ಉಬ್ಬುತ್ತದೆ. ಗುಂಡಗೆ ಸುತ್ತಿದ ಊಲಾಂಗ್ (ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಬಗೆ) ಎಲೆಯನ್ನು ಗಾಜಿನ ಲೋಟದಲ್ಲಿ ಹಾಕಿ ನೋಡಿ. ತಳದಲ್ಲಿ ಕಾಳಿನಷ್ಟು ಇದ್ದದ್ದು ನಾಲ್ಕು ನಿಮಿಷದಲ್ಲಿ ಅಗಲವಾದ ಎಲೆಯಾಗುತ್ತದೆ. ಸರಪಳಿಗೆ ನೇತುಹಾಕುವ ಪುಟ್ಟ ಚೆಂಡಿನಂಥ ಇನ್‌ಫ್ಯೂಸರ್ ಒಳಗೆ ಇದು ನಡೆಯುವುದಿಲ್ಲ. ಎಲೆಗಳು ಒತ್ತೊತ್ತಾಗಿ ಮುದ್ದೆಗಟ್ಟುತ್ತವೆ, ನಡುವಿನ ಎಲೆಗೆ ನೀರೇ ಸರಿಯಾಗಿ ಹೋಗುವುದಿಲ್ಲ. ಟೀ ಸಪ್ಪೆ ಅನಿಸಿ ಇನ್ನೊಂದು ಚಮಚ ಹಾಕುತ್ತೀರಿ, ಇನ್ನಷ್ಟು ಒತ್ತಾಗುತ್ತದೆ. ನನ್ನ ಕೇಳಿದರೆ ಆ ಚೆಂಡನ್ನು ಸುಮ್ನೆ ಅಂಗಡಿಯಲ್ಲೇ ಬಿಡಿ.

ತರಬೇಕಾದ್ದು ಸ್ಟೀಲಿನ ಅಗಲವಾದ, ಬುಟ್ಟಿಯಾಕಾರದ ಜಾಲರಿ. ಕೊಳ್ಳುವಾಗ ನಿಮ್ಮ ಕಪ್ಪಿನ ಬಾಯಿಯ ಅಳತೆ ಗೊತ್ತಿರಲಿ. ಜಾಲರಿಯ ಅಂಚು ಕಪ್ಪಿನ ಮೇಲೆ ಕೂರಬೇಕು, ತಳ ಕಪ್ಪಿನ ತಳದ ಹತ್ತಿರಕ್ಕೆ ಇಳಿಯಬೇಕು. ಗಿಡ್ಡ ಜಾಲರಿಯಾದರೆ ಕಪ್ ಮುಕ್ಕಾಲು ತುಂಬಿದರೂ ಎಲೆ ಪೂರ್ತಿ ನೆನೆಯುವುದಿಲ್ಲ. ಇಡೀ ಎಲೆಯ ಟೀಗೆ ತೂತು ಸ್ವಲ್ಪ ದೊಡ್ಡದಿದ್ದರೂ ನಡೆಯುತ್ತದೆ. ಪುಡಿ ಎಲೆ, ದಕ್ಷಿಣ ಆಫ್ರಿಕಾದ ಗಿಡದಿಂದ ಮಾಡುವ ರೂಯಿಬಾಸ್ ಥರದ್ದಕ್ಕೆ ಸಣ್ಣ ಕಣ್ಣಿನ ಬಲೆಯೇ ಬೇಕು. ಮುಚ್ಚಳ ಇರುವುದನ್ನೇ ಆರಿಸಿ. ನೆನೆಯುವಾಗ ಬಿಸಿ ಹಿಡಿದಿಡುತ್ತದೆ, ಆಮೇಲೆ ತಿರುಗಿಸಿಟ್ಟರೆ ಒದ್ದೆ ಜಾಲರಿ ಇಡಲು ಅದೇ ತಟ್ಟೆ.

ಪಾಟ್ ಬೇಕೇ ಅಂದರೆ

ಎಲ್ಲ ಬಗೆಯ ಟೀಗೂ ಹೊಂದುವುದು ಪಿಂಗಾಣಿ ಮತ್ತು ಗಾಜು. ಎರಡೂ ಹಳೆಯ ಟೀಯ ವಾಸನೆ ಹಿಡಿಯುವುದಿಲ್ಲ. ಗಾಜಾದರೆ ಬಿಸಿ ತಡೆಯುವ ಬೋರೋಸಿಲಿಕೇಟ್ ಇರಲಿ. ಬಣ್ಣ ನೋಡಿಕೊಂಡು ಸೋಸಬಹುದು, ಆದರೆ ತೆಳು ಗಾಜು ಬೇಗ ತಣಿಯುತ್ತದೆ.

ಚೀನಾದ ಯೀಶಿಂಗ್ ಮಣ್ಣಿನ ಪಾಟ್‌ಗೆ ಒಳಗಡೆ ಮೆರುಗು ಇರುವುದಿಲ್ಲ. ಮಣ್ಣು ಟೀಯ ವಾಸನೆ ಹೀರುತ್ತದೆ. ಅದಕ್ಕೇ ಅದನ್ನು ಬಳಸುವವರು ಒಂದು ಪಾಟನ್ನು ಒಂದೇ ಬಗೆಯ ಟೀಗೆ ಮೀಸಲಿಡುತ್ತಾರೆ. ದಿನಕ್ಕೊಂದು ಟೀ ಬೇಕೆನ್ನುವವರಿಗೆ ಇದು ತಲೆನೋವು. ಒಳಗೆ ಎನಾಮೆಲ್ ಲೇಪಿಸಿದ ಎರಕದ ಕಬ್ಬಿಣದ ಪಾಟನ್ನು ಒಲೆಯ ಮೇಲೆ ಇಡಲೇಬಾರದು, ಲೇಪ ಸೀಳುತ್ತದೆ. ಅದು ಟೀ ನೆನೆಸಲಿಕ್ಕೆ ಮಾತ್ರ.

ಮುಚ್ಚಳದ ಬಟ್ಟಲು ಗೈವಾನ್ 100–150 ಮಿಲಿಲೀಟರ್ ಹಿಡಿಯುತ್ತದೆ. ಜಾಸ್ತಿ ಎಲೆ ಹಾಕಿ, ಕೆಲವೇ ಸೆಕೆಂಡುಗಳಲ್ಲಿ ಬಸಿದು, ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಕುಡಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬೆರಳು ಸುಡುತ್ತದೆ! ಕೈ ಪಳಗಬೇಕು. ಅಂಚು ಹೊರಕ್ಕೆ ಬಾಗಿರುವುದನ್ನು ತೆಗೆದುಕೊಂಡರೆ ಹಿಡಿಯಲು ಸುಲಭ.

ಅಂಗಡಿಯಲ್ಲಿ ನೀರು ತುಂಬಿಸಿ ಬಗ್ಗಿಸಿ ನೋಡಲು ಕೇಳಿ, ಸಂಕೋಚ ಬೇಡ. ಮೂತಿಯ ಕೆಳಗೆ ನೀರು ಜಾರುತ್ತಿದೆಯಾ? ಮುಚ್ಚಳ ಬೀಳುತ್ತಾ? ಹಿಡಿಯೊಳಗೆ ಬೆರಳು ಹಾಕಿದರೆ ಪಾಟಿನ ಮೈಗೆ ತಾಗುತ್ತಾ? ಮೂರರಲ್ಲಿ ಒಂದಕ್ಕೆ ಹೌದು ಎಂದಾದರೂ ಬೇರೆ ನೋಡಿ.

ನೀರು ಕಾಯಿಸುವುದು

ಕಪ್ಪು ಟೀ ಮಾತ್ರ ಕುಡಿಯುವವರಿಗೆ ಯಾವ ಕೆಟಲ್ ಆದರೂ ಆದೀತು, ಕುದಿಯುವ ನೀರು ಹಾಕಿದರೆ ಮುಗಿಯಿತು. ಹಸಿರು ಟೀ ಹಾಗಲ್ಲ. 70–80 ಡಿಗ್ರಿ ಸೆಲ್ಸಿಯಸ್ ಸಾಕು, ಕುದಿ ನೀರು ಹಾಕಿದರೆ ಒಗರು ಏರುತ್ತದೆ. ಜಪಾನಿನ ಗ್ಯೋಕುರೋ ಎಂಬ ಹಸಿರು ಟೀಗೆ ಇನ್ನೂ ಕಡಿಮೆ, 50–60. ಊಲಾಂಗ್‌ಗೆ 85–95. ಇಂಥ ಟೀಗಳನ್ನು ದಿನವೂ ಕುಡಿಯುತ್ತೀರಾದರೆ ಉಷ್ಣತೆ ಹೊಂದಿಸುವ ವಿದ್ಯುತ್ ಕೆಟಲ್ ಕೊಳ್ಳಿ, ಬಳಕೆಗೆ ಬರುತ್ತದೆ. ಅಪರೂಪಕ್ಕಾದರೆ ಅಡುಗೆಯ ಥರ್ಮಾಮೀಟರ್ ಸಾಕು. ಅದೂ ಬೇಡವೆಂದರೆ ಕುದ್ದ ನೀರನ್ನು ಬೇರೆ ತಣ್ಣನೆ ಪಾತ್ರೆಗೆ ಸುರಿದು ಸ್ವಲ್ಪ ಹೊತ್ತು ಬಿಡಿ. ಉದ್ದ ಕತ್ತಿನ ಬಾಗಿದ ಮೂತಿಯ ಕೆಟಲ್ ಫಿಲ್ಟರ್ ಕಾಫಿ ಸುರಿಯಲು ಬೇಕಾದ್ದು. ಟೀಗೆ ಅದು ಬರೀ ಶೋಕಿ.

ತಕ್ಕಡಿ

ಚಮಚದ ಲೆಕ್ಕ ಟೀ ಬದಲಾದ ಕೂಡಲೇ ಕೆಡುತ್ತದೆ. ಒಂದು ಚಮಚ ಉಂಡೆ ಊಲಾಂಗ್, ಹಗುರ ಬಿಳಿ ಟೀಗಿಂತ ಎಷ್ಟೋ ಭಾರ. ಹಾಗಾಗಿ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಒಳ್ಳೆಯದು. 200 ಮಿಲಿಲೀಟರ್ ನೀರಿಗೆ 2ರಿಂದ 3 ಗ್ರಾಂನಿಂದ ಶುರು ಮಾಡಿ. ಟೀ ರುಚಿ ಹೋಲಿಸಲು ಇರುವ ಐಎಸ್ಒ 3103 ಎಂಬ ಮಾನದಂಡ 100 ಮಿಲಿಲೀಟರಿಗೆ 2 ಗ್ರಾಂ, 6 ನಿಮಿಷ ಎನ್ನುತ್ತದೆ. ಅದು ಟೀಗಳನ್ನು ಒಂದೇ ಕ್ರಮದಲ್ಲಿ ಹೋಲಿಸಲು, ಎಲ್ಲರ ನಾಲಿಗೆಗೂ ಹಿಡಿಸುವಂಥದ್ದಲ್ಲ. ಟೈಮರ್ ಫೋನಿನಲ್ಲೇ ಇದೆ, ಅಲ್ವಾ?

ಡಬ್ಬಿ, ತೊಳೆಯುವುದು

ಡಬ್ಬಿ ಗಾಳಿಯಾಡದಂತಿರಲಿ, ಬೆಳಕು ಒಳಗೆ ಹೋಗದಿರಲಿ. ಗಾಜಿನ ಭರಣಿ ಚೆಂದ ಕಾಣುತ್ತದೆ, ಆದರೆ ಬೀರುವಿನೊಳಗೆ ಇಡಬೇಕು. ಮಸಾಲೆ ಡಬ್ಬಿಗಳಿಂದ ದೂರ ಇಡಿ. ಪಿಂಗಾಣಿ, ಗಾಜು, ಸ್ಟೀಲಿಗೆ ಹತ್ತಿದ ಕಂದು ಕಲೆಯನ್ನು ಅಡುಗೆ ಸೋಡಾ ಹಚ್ಚಿ ಉಜ್ಜಿದರೆ ಹೋಗುತ್ತದೆ. ಮೆರುಗಿಲ್ಲದ ಮಣ್ಣಿನ ಪಾಟ್‌ಗೆ ಸೋಪು ಸೋಕಿಸಬೇಡಿ, ಮುಂದಿನ ಟೀಯಲ್ಲಿ ಅದೇ ವಾಸನೆ ಬಂದೀತು. ಬಿಸಿ ನೀರಲ್ಲಿ ತೊಳೆದು, ಮುಚ್ಚಳ ತೆಗೆದು ಒಣಗಿಸಿ.