ಅರವತ್ತು ದಾಟಿದವರ ಕೋಲಾಟ: ನನ್ನ ಅನುಭವ

'ಊರು ಹೋಗು, ಕಾಡು ಬಾ ಎನ್ನುವ ವಯಸ್ಸಿನಲ್ಲಿ ಇವರಿಗೆ ಕುಣಿತ ಬೇಕೇ ಮೇಷ್ಟ್ರೇ?' ಸಿರುಗುಪ್ಪದ ಕಡೆಯ ನಮ್ಮೂರಿನಲ್ಲಿ ಕೋಲಾಟ ಶುರು ಮಾಡಿದಾಗ ಕೇಳಿದ ಮಾತಿದು. ಈಗ ಮೂರನೇ ವರ್ಷ. 11 ಜನರಿದ್ದ ಸುತ್ತು 30ರ ಆಸುಪಾಸಿಗೆ ಬಂದಿದೆ. ಹಾಗೆ ಕೇಳಿದವರ ತಾಯಿಯೇ ಈಗ ಮುಂದಾಳು.

ಮೊದಲ ನಾಲ್ಕು ತಿಂಗಳು ಕೈ ಸುಟ್ಟುಕೊಂಡೆ. ಸುಮಾರು 7 ಸಾವಿರ ಕೊಟ್ಟು ಸ್ಪೀಕರ್ ತಂದೆ. ಆದರೆ ಅದರ ಹಾಡು ಯಾರಿಗಾಗಿಯೂ ಕಾಯುವುದಿಲ್ಲ. ಒಬ್ಬರು ಹೆಜ್ಜೆ ತಪ್ಪಿದರೆ ಸುತ್ತೆಲ್ಲ ಕೆಡುತ್ತಿತ್ತು. ಗುಡಿಯ ಮುಂದಿನ ನುಣುಪು ಬಂಡೆಯ ಮೇಲೆ ಒಬ್ಬ ಅಜ್ಜಿ ಜಾರಿ ಬಿದ್ದರು. ಮೂಳೆ ಉಳಿಯಿತು, ಮಣಿಕಟ್ಟು ಊದಿತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಶಾಲೆಯ ಮಣ್ಣಿನ ಅಂಗಳಕ್ಕೆ ಬಂದೆವು. ಸ್ಪೀಕರನ್ನು ಅರ್ಧ ಬೆಲೆಗೆ ಮಾರಿ ಹಲಗೆ ಬಾರಿಸುವವರನ್ನು ಕರೆದೆ, ದಿನಕ್ಕೆ 150 ರೂಪಾಯಿ. ಅವರು ಎಲ್ಲರಿಗಿಂತ ಹಿಂದುಳಿದವರ ಪಾದವನ್ನೇ ನೋಡುತ್ತಾ ಪೆಟ್ಟು ನಿಧಾನಿಸುತ್ತಾರೆ. ಆಟ ಕುದುರಿದ್ದು ಅಲ್ಲಿಂದಲೇ.

ಕೋಪುಗಳಲ್ಲಿ, ಅಂದರೆ ಕೋಲಾಟದ ಹೆಜ್ಜೆ ವರಸೆಗಳಲ್ಲಿ, ಕೂರುವುದು, ಹಾರುವುದು ತೆಗೆದುಹಾಕಿದೆ. ಹಿಂದಕ್ಕೆ ಮತ್ತು ಪಕ್ಕಕ್ಕೆ ಇಡುವ ಹೆಜ್ಜೆಯನ್ನು ಮಾತ್ರ ಬಿಡಲಿಲ್ಲ. ಬರೀ ವಾಕಿಂಗ್‌ನಲ್ಲಿ ಅದು ಸಿಗುವುದಿಲ್ಲ, ಎಡವಿದಾಗ ಮೈ ಹಿಡಿದು ನಿಲ್ಲಿಸುವುದು ಅದೇ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದು 4 ದಿನ, ಬೆಳಿಗ್ಗೆ 40 ನಿಮಿಷ. ಬಿಸಿಲುಗಾಲದಲ್ಲಿ ಐದೂವರೆಗೇ ಆರಂಭ. ಕೈ ಊರದೆ ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಏಳೆಂಟು ಸಲ ಏಳುತ್ತಿದ್ದವರು ಆರು ತಿಂಗಳಿಗೆ 11, 12ಕ್ಕೆ ಬಂದರು.

ನಡುವೆ ಗೆಜ್ಜೆ ಕಟ್ಟಿಸಿಯೂ ನೋಡಿದೆ. ಕಿವಿ ಮಂದವಾದವರಿಗೆ ತಾಳ ಸಿಗಲಿ ಎಂಬುದು ನನ್ನ ಲೆಕ್ಕ. ಕಣಕಾಲು ತರಚಿತೇ ಹೊರತು ತಾಳ ಸಿಗಲಿಲ್ಲ. ಹಲಗೆಯ ಪಕ್ಕಕ್ಕೇ ನಿಲ್ಲಿಸಿದಾಗ ಸಿಕ್ಕಿತು. ಮಂಡಿ ನೋವಿನ ನಾಲ್ವರನ್ನು ಕುರ್ಚಿಯಲ್ಲಿ ಕೂರಿಸಿ ಕೋಲು ಹಾಕಿಸಿದೆ. ಇಬ್ಬರು ತಾವಾಗಿಯೇ ಎದ್ದು ನಿಂತರು.

ಜೋಡಿ ಕಟ್ಟುವುದರಲ್ಲಿ ನನ್ನದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಗಂಡ ತೀರಿದ ಮೇಲೆ ಮನೆಯ ಮೂಲೆ ಹಿಡಿದಿದ್ದ ಒಬ್ಬರನ್ನು ಆ ಲೆಕ್ಕದಂತೆಯೇ ಜೋಡಿಸಿದ್ದೆ. ಒಂದು ಬೆಳಿಗ್ಗೆ ಅವರು ಬರಲಿಲ್ಲ. ಎದುರಿನವರ ಕೋಲು ಎರಡು ಸಲ ಗಾಳಿಗೆ ಹೋಯಿತು. ಆ ಎದುರಿನವರು ಕೋಲನ್ನು ಸೆರಗಿಗೆ ಸಿಕ್ಕಿಸಿಕೊಂಡು ಸುತ್ತಿನಿಂದ ಹೊರಬಿದ್ದವರು, ಕಾಲು ಗಂಟೆಯಲ್ಲಿ ಜೊತೆಗಾತಿಯ ಕೈ ಹಿಡಿದುಕೊಂಡೇ ಬಂದರು.