ಡ್ರಿಫ್ಟ್ ಕಲಿಯೋರು ರಿಪೇರಿ ದುಡ್ಡು ಮೊದಲೇ ಎತ್ತಿಡಿ
ಡ್ರಿಫ್ಟಿಗೆ, ಅಂದ್ರೆ ತಿರುವಲ್ಲಿ ಹಿಂಬದಿ ಜಾರಿಸಿ ಗಾಡಿ ಅಡ್ಡಡ್ಡ ಓಡಿಸೋಕೆ, ಹಿಂದಿನ ಚಕ್ರಕ್ಕೆ ಪವರ್ ಇರೋ ಹಳೇ ಕಾರು ಹುಡುಕ್ತಿದ್ದೀರಾ? (ಓಮ್ನಿ ಅಗ್ಗ ನಿಜ, ಮಗುಚೋದೂ ಅಷ್ಟೇ ಸಲೀಸು.) ಕೈಲಿರೋದನ್ನೆಲ್ಲ ಗಾಡಿಗೇ ಸುರಿಯಬೇಡಿ, ಮೂರರಲ್ಲಿ ಒಂದು ಪಾಲು ರಿಪೇರಿಗಿರಲಿ.

ಮೊದಲು ಸವೆಯೋದು ಹಿಂದಿನ ಟಯರ್. ಹೊಸದು ದಂಡ, ತಂತಿ ಕಾಣದ, ಉಬ್ಬಿರದ 4 ಹಳೇ ಟಯರನ್ನು ಬೇರೆ ಡಿಸ್ಕಿಗೆ (ರಿಮ್ಮಿಗೆ) ಹಾಕಿಸಿಡಿ. ಆಮೇಲೆ ಕ್ಲಚ್. ಪ್ಲೇಟ್ ಬದಲಿಸುವಾಗಲೇ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗನ್ನೂ ಹಾಕಿಸಿ, ಇಲ್ಲದಿದ್ದರೆ ಗೇರ್‌ಬಾಕ್ಸ್ ಇಳಿಸೋ ಕೂಲಿ ಎರಡು ಸಲ ತೆರಬೇಕಾಗುತ್ತೆ.

ಗಾಡಿ ಅಡ್ಡ ಜಾರುವಾಗ ಆಯಿಲ್ ಸಂಪಿನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಇಂಜಿನ್ ಬೇರಿಂಗ್ ಹೋಗುತ್ತೆ. ಡಿಪ್‌ಸ್ಟಿಕ್ಕಿನ (ಆಯಿಲ್ ಅಳೆಯೋ ಕಡ್ಡಿಯ) ಮೇಲಿನ ಗೆರೆವರೆಗೂ ಆಯಿಲ್ ಇರಲಿ.

ನಮ್ಮ ಕೊಡಗಿನ ಮಳೇಲಿ ಒದ್ದೆ ನೆಲ ಟಯರ್ ಉಳಿಸುತ್ತೆ, ಆದರೆ ಕೆಸರು ರೇಡಿಯೇಟರ್ ಸಂದಿಗೆ ಮೆತ್ತಿ ಇಂಜಿನ್ ಕಾಯಿಸುತ್ತೆ. ಅವತ್ತೇ ತೊಳೀರಿ. ಘಾಟಿ ರಸ್ತೇಲಿ ಡ್ರಿಫ್ಟ್ ಬೇಡವೇ ಬೇಡ. ಕೊಯ್ಲು ಮುಗಿದ ಗದ್ದೆ ಸಾಕು, ಅದರ ಒಡೆಯರನ್ನು ಮೊದಲು ಕೇಳಿ.